ಬಾವಿಯ ಮೇಲಿನ ನೆರಳು

ಫೋಟೋ ಸ್ಪರ್ಧೆಯ ತೀರ್ಪುಗಾರರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಹಳೆಯ ಕಲ್ಲುಬಾವಿ, ಕಟ್ಟೆಯ ಮೇಲೊಂದು ಹಿತ್ತಾಳೆ ಕೊಡ, ಸಂಜೆಯ ಇಳಿಬಿಸಿಲು. ಎಲ್ಲವೂ ಚೆನ್ನಾಗಿತ್ತು. ಆದರೆ ಚಿತ್ರದ ಕೆಳತುದಿಯಿಂದ ಹೊರಟ ಉದ್ದನೆಯ ನೆರಳೊಂದು ಬಾವಿಕಟ್ಟೆಯನ್ನು ಏರಿ ಕೊಡದ ಮೇಲೂ ಬಿದ್ದಿತ್ತು.

“ಇದು ನಿನ್ನದೇ ನೆರಳಲ್ವೇನಮ್ಮ?”

“ಹೌದು ಸರ್,” ಎಂದಳು ಫೋಟೋ ತೆಗೆದವಳು.

“ತೆಗೆಯೋರ ನೆರಳು ಫೋಟೋದಲ್ಲಿ ಬೀಳಬಾರದು. ಕ್ಯಾಮೆರಾ ಹಿಡಿದ ದಿನವೇ ಕಲಿಯೋ ಪಾಠ ಇದು. ಕಂಪ್ಯೂಟರ್‌ನಲ್ಲಿ ಅಳಿಸಿ ತಂದುಕೊಡು, ಮೊದಲನೇ ಬಹುಮಾನ ನಿಂದೇ.”

“ಅಳಿಸಲ್ಲ ಸರ್.”

“ಹಠ ಯಾಕೆ? ಗೊತ್ತಾಗದೆ ಬಿದ್ದಿರುತ್ತೆ, ಎಲ್ಲರಿಗೂ ಆಗುತ್ತೆ. ಒಂಚೂರು ಪಕ್ಕಕ್ಕೆ ಸರಿದು ನಿಂತಿದ್ರೆ ಸಾಕಾಗಿತ್ತು.”

“ಗೊತ್ತಿದ್ದೇ ಬೀಳಿಸಿದ್ದು. ನೆರಳು ಅಲ್ಲೀವರೆಗೂ ಮುಟ್ಟಲಿ ಅಂತ ಬಿಸಿಲು ಇಳಿಯೋ ತನಕ ಕಾದಿದ್ದೀನಿ.”

“ಅಷ್ಟು ಕಾದು ತಪ್ಪು ಮಾಡೋದಾ? ಯಾಕಮ್ಮ?”

ಅವಳು ಚಿತ್ರವನ್ನು ಮೇಜಿನಿಂದ ಎತ್ತಿಕೊಂಡಳು.

“ನೀರಿಗೆ ಬಂದ ನಮ್ಮಜ್ಜಿಯನ್ನ ದೂರ ನಿಲ್ಲಿಸ್ತಿದ್ರಲ್ಲ, ಆ ಜಾಗದಲ್ಲೇ ನಿಂತು ತೆಗೆದಿದ್ದು ಸರ್ ಇದು. ಅವಳ ನೆರಳು ಬಿದ್ರೆ ಈ ಬಾವಿ ಮೈಲಿಗೆ ಆಗ್ತಿತ್ತಂತೆ.”