ಕೊನೆಯ ತುತ್ತು

ಮೃಗಾಲಯಕ್ಕೆ ಬಂದು ಎರಡು ಗಂಟೆಯಾದರೂ ಮಗು ಇನ್ನೂ ಆನೆಯನ್ನು ನೋಡಿರಲಿಲ್ಲ. ಮೊಸರನ್ನದ ಡಬ್ಬಿ ಖಾಲಿಯಾಗುವವರೆಗೂ ಅದಕ್ಕೆ ಬೆಂಚಿನಿಂದ ಇಳಿಯಲು ಅಪ್ಪಣೆಯಿರಲಿಲ್ಲ.

"ನಿಮ್ ಕೈಲಾಗಲ್ಲ, ಕೊಡಿ ಅತ್ತೆ," ಎಂದು ಅಮ್ಮ ಡಬ್ಬಿ ಕಿತ್ತುಕೊಂಡಳು.

"ನಿನ್ ಗಂಡನ್ನ ಸಾಕಿದ್ದು ಯಾರಮ್ಮಾ?" ಎಂದರು ಅಜ್ಜಿ.

"ಹೆಂಗೆ ಸಾಕಿದೀರ ಅಂತ ದಿನಾ ನೋಡ್ತಿದೀನಲ್ಲ!"

"ಜನ ನೋಡ್ತಿದಾರೆ, ಕಿರುಚಬೇಡಿ!" ಎಂದು ಅಪ್ಪ ಇಬ್ಬರಿಗಿಂತ ಜೋರಾಗಿ ಕಿರುಚಿದ.

ಅಮ್ಮ ತುತ್ತು ಹಿಡಿದರೂ ಮಗು ಬಾಯಿ ತೆರೆಯಲಿಲ್ಲ. ಅಜ್ಜಿ ಆನೆಯ ಬೇಲಿಯ ಬಳಿ ನಿಂತಿದ್ದ ಪೊಲೀಸಿನವನನ್ನು ತೋರಿಸಿದರು. "ಇದೊಂದು ತುತ್ತು ತಿನ್ನು ಕಂದಾ. ಇಲ್ದಿದ್ರೆ ಆ ಪೊಲೀಸ್ ಮಾಮ ಎತ್ಕೊಂಡು ಹೋಗ್ಬಿಡ್ತಾನೆ."

ಮಗು ಮೂವರ ಮುಖವನ್ನೂ ಒಮ್ಮೆ ನೋಡಿತು. ಬೆಂಚಿನಿಂದ ಜಾರಿ ಇಳಿದು, ಪುಟುಪುಟು ನಡೆದು, ಪೊಲೀಸಿನವನ ಮುಂದೆ ಎರಡೂ ಕೈ ಮೇಲೆತ್ತಿ ನಿಂತಿತು.

"ಮಾಮಾ, ಎತ್ಕೋ. ಹೋಗಣ."