ಅತ್ತೆಯ ಸೀನು

ಆ ಮನೆಯ ರಾಜ್ಯಭಾರವೆಲ್ಲ ನಡೆಯುತ್ತಿದ್ದುದು ಅತ್ತೆಯ ಮೂಗಿನಿಂದ. ಸೊಸೆ ಕೆಲಸದ ಸಂದರ್ಶನಕ್ಕೆಂದು ಹೊಸ್ತಿಲು ದಾಟುವಾಗಲೆಲ್ಲ ಅದು ಒಮ್ಮೆ ಸೀನುತ್ತಿತ್ತು.

“ಒಂಟಿ ಸೀನು, ಅಪಶಕುನ. ಇವತ್ತು ಬೇಡ.”

ಕರಾವಳಿಯ ತೇವಕ್ಕೆ ಗೋಡೆಯೆಲ್ಲ ಬೂಷ್ಟು. ಸೀನಿಗೆ ಅದೇ ಕಾರಣ ಎಂದರು ಡಾಕ್ಟರು. ಸೊಸೆ ಹಲ್ಲು ಕಚ್ಚಿಕೊಂಡು ಗೋಡೆ ಉಜ್ಜಿದಳು, ಪರದೆಗಳನ್ನು ಬಿಸಿನೀರಿನಲ್ಲಿ ಒಗೆದಳು, ಅತ್ತೆಯ ಹಳೆಯ ಹತ್ತಿ ಹಾಸಿಗೆಯನ್ನು ಸುಟ್ಟೇಬಿಟ್ಟಳು. ಸೀನು ನಿಂತಿತು. ಸಂದರ್ಶನಕ್ಕೆ ಹೋದಳು, ಕೆಲಸ ಸಿಕ್ಕಿತು.

ಮೊದಲ ದಿನ ಊಟದ ಡಬ್ಬಿ ಹಿಡಿದು ಹೊಸ್ತಿಲಲ್ಲಿ ನಿಂತಳು. “ಹೋಗಿ ಬರ್ತೇನೆ ಅತ್ತೆ. ಇವತ್ತು ಸೀನು ಬರ್ಲಿಲ್ವಾ?”

“ಬರ್ಲಿಲ್ಲ ಮಾರಾಯ್ತಿ. ನೀನು ಹೋದ್ರೆ ನಾಳೆಯಿಂದ ಬರ್ತದೆ. ಮತ್ತೆ ಗೋಡೆ ಒರೆಸುವುದು ಯಾರು, ನಿನ್ನ ಅಪ್ಪನಾ?”

“ಅಮ್ಮ ಹೇಳುವುದು ಸರಿ ಉಂಟು” ಎಂದು ಗಂಡ ಅವಳ ಕೈಯಿಂದ ಡಬ್ಬಿ ಇಸಿದುಕೊಂಡು ತನ್ನ ಆಫೀಸಿಗೆ ಹೋದ.