ಮೂರನೇ ಮಹಡಿಯ ಕಸ

ಸೀರೆ ಅಂಗಡಿಯ ಫ್ಯಾನಿನ ಕೆಳಗಿನ ಕೆಲಸ ಬಿಟ್ಟು, ಪರಿಸರಕ್ಕೆ ಒಳ್ಳೆಯದಾಗಲಿ ಎಂದು ಅವಳು ಬ್ಯಾಟರಿಯಲ್ಲಿ ಓಡುವ ಕಸದ ಆಟೊ ಹತ್ತಿದ್ದಳು. ಹಸಿ ಕಸ, ಒಣ ಕಸ ಬೇರೆ ಮಾಡುವುದನ್ನು ಇಡೀ ಬೀದಿಗೆ ಕಲಿಸಿದಳು. ಮೂರನೇ ಮಹಡಿಯವನೊಬ್ಬ ಮಾತ್ರ ಕಲಿಯಲಿಲ್ಲ.

"ಇವತ್ತೂ ಎಲ್ಲ ಕಲಸ್ಕೊಂಡು ತಂದಿದೀರಾ? ಓದಿದೋರಲ್ವಾ ನೀವು?"

"ನಾಳೆಯಿಂದ ಸರಿ ಮಾಡ್ತೀನ್ರೀ," ಎಂದು ಅವನು ಹಲ್ಲು ಕಿರಿಯುತ್ತಿದ್ದ.

ಅವಳು ಬೈಯುತ್ತಲೇ ಅಲ್ಲೇ ನಿಂತು ಅವನ ಕೈಯಿಂದ ಎಲ್ಲ ಬೇರೆ ಮಾಡಿಸುತ್ತಿದ್ದಳು. ಅದಕ್ಕೇ ಹತ್ತು ನಿಮಿಷ ಹಿಡಿಯುತ್ತಿತ್ತು.

ತಿಂಗಳಾದರೂ ಅದೇ ಕತೆ. ರೇಗಿ ಹೋಗಿ ಮೆಟ್ಟಿಲು ಹತ್ತಿ ಅವನ ತಾಯಿಯನ್ನೇ ಕೇಳಿದಳು: "ಕಸ ಬೇರೆ ಮಾಡೋಕೆ ಏನಮ್ಮಾ ಕಷ್ಟ ನಿಮ್ಗೆ?"

"ನಾನು ಎರಡು ಬುಟ್ಟೀಲಿ ಬೇರೆ ಮಾಡೇ ಕೊಡ್ತೀನಮ್ಮಾ. ನಿನ್ನ ಗಾಡಿ ಹಾಡು ಕೇಳಿದ್ದೇ ತಡ, ಇವನೇ ಮೆಟ್ಟಿಲ ಮೇಲೆ ಕೂತು ಕಲಸ್ತಾನೆ."